ಹಾರುವವನ ತಮ್ಮ

ಆ ಕೈ ಮತ್ತೆ ಬಂತು, ಐದೂ ಬೆರಳು ಬಿಚ್ಚಿಕೊಂಡು ಟಿವಿಯ ತುಂಬ, ಹಿಂದೆ ಬರೀ ಆಕಾಶ — ಪ್ರತಿ ಸಲವೂ ಧಾರಾವಾಹಿಯ ಹೆಸರು ಬರುವ ಮುಂಚೆ ಇದನ್ನೇ ತೋರಿಸುತ್ತಾರೆ, ಸೇತುವೆಯ ಮೇಲೆ ತಮ್ಮ ಜಾರಿ ಹೋದಾಗ ಆಕಾಶದಲ್ಲಿ ಹಾರುವ ಅಣ್ಣನ ಹತ್ತಿರ ಉಳಿದ ಖಾಲಿ ಕೈ, ಇವತ್ತು ಅದರ ಪಕ್ಕದಲ್ಲಿ ಬಂಗಾರದ ಬಣ್ಣದಲ್ಲಿ ನೂರು ಎಂದು ಬರೆದಿದ್ದಾರೆ, ನೂರನೇ ಕಂತು, ಗಂಗೂಬಾಯಿ ಚಪ್ಪಾಳೆ ಹೊಡೆದಳು, ಟಿವಿ ಅವಳದು, ಅದಕ್ಕೇ ಶನಿವಾರ ಸಂಜೆ ಎಲ್ಲ ಶೆಡ್ಡಿನ ಹೆಂಗಸರೂ ಅವಳ ಶೆಡ್ಡಿನಲ್ಲೇ, ಶುರು ಆತು ಬಾಯಿ ತೆಗಿ ರೇಣವ್ವ, ಉಳಿದ ಹೊತ್ತಿನ್ಯಾಗ ಬಾಯಾಗ ನೀರು ತುಂಬ್ಕೊಂಡಂಗ ಇರ್ತಿ, ಈಗರ ಮಾತಾಡು, ಎಲ್ಲರೂ ನಕ್ಕರು, ನಾನೂ ನಕ್ಕಿರಬೇಕು, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಬಿದ್ದಾನವ್ವ. ಇಲ್ಲಿಗೆ ಬರುವ ಮುಂಚೆ ನಲ್ಲಿಯ ಹತ್ತಿರ ಫೋನ್ ಎತ್ತಿದಾಗ ಮೌನಪ್ಪ ಹಾಗೆಂದ, ಹುಲಗೇಶ ಬಿದ್ದಾನವ್ವ, ಮ್ಯಾಲಿನ ಸ್ಲ್ಯಾಬಿನಿಂದ, ದವಾಖಾನಿಗೆ ಒಯ್ಯಾಕತ್ತೀವಿ, ನಿಮ್ಮವ್ವಗ ಈಗ ಹೇಳಬ್ಯಾಡ, ನಾ ಬರೂಮಟ ಆಕಿನ್ನ ಅಲ್ಲೇ ಕುಂದರಿಸ್ಕೊಂಡಿರು — ಮೌನಪ್ಪ ನಮ್ಮೂರ ಮೇಸ್ತ್ರಿ, ನನ್ನ ಅಣ್ಣ ಹುಲಗೇಶನನ್ನು ಮಾದಾಪುರದ ಕಟ್ಟಡದ ಕೆಲಸಕ್ಕೆ ಹಾಕಿದವನು, ಕೂಗದೆ ಮಾತಾಡಿದ್ದನ್ನು ನಾನು ಕೇಳಿಯೇ ಇಲ್ಲ, ಅಂಥವನು ಅಷ್ಟು ಮೆಲ್ಲಗೆ ಹೇಳಿದ, ಕೊಡ ತುಂಬಿ ನೀರು ಪಾದದ ಮೇಲೆ ಹರಿಯುತ್ತಿತ್ತು, ಉಸಿರು ಐತೇನು ಎಂದು ಕೇಳಬೇಕಿತ್ತು, ನನ್ನ ಬಾಯಿಗೆ ಮಾತು ಬರುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ, ಆಮೇಲೆ ಎಷ್ಟು ಮಾಡಿದರೂ ಎತ್ತುತ್ತಿಲ್ಲ, ಫೋನು ಈಗ ನನ್ನ ನಡುವಿನಲ್ಲಿದೆ, ಸೀರೆಯ ಮಡಿಕೆಯಲ್ಲಿ, ಸುಮ್ಮನೆ, ಕಲ್ಲಿನ ಹಾಗೆ. ಏನಂತಾನಬೇ ಅಂವ, ಅವ್ವ ಕೇಳುತ್ತಾಳೆ, ಎಲ್ಲರಿಗಿಂತ ಮುಂದೆ ಕೂತಿದ್ದಾಳೆ, ಬೆನ್ನು ನನ್ನ ಕಡೆ, ಬೆನ್ನು ಮಾತ್ರ ಕಂಡರೆ ಸಾಕು, ತಿರುಗುವುದು ಬೇಡ. ಹಾರೂವಂವ ಹೇಳಾಕತ್ಯಾನ, ಇವತ್ತ ನಾ ಹಾರಂಗಿಲ್ಲ, ನಡಕೊಂತ ಮನಿಗೆ ಹೋಗ್ತೀನಿ. ನನ್ನ ದನಿ ಸರಿಯಾಗಿದೆ. ಅದು ಹೇಗೆ ಸರಿಯಾಗಿದೆ?

ಇವರಿಗೆ ಹಿಂದಿ ಬರುವುದು ಕೆಲಸಕ್ಕೆ ಬೇಕಾದಷ್ಟೇ, ರೇತಿ, ಪಾನಿ, ಜಲ್ದಿ. ನನಗೆ ಬಂದದ್ದು ಆರನೆಯದಕ್ಕೆ ಶಾಲೆ ಬಿಟ್ಟು ಇಲ್ಲಿಗೆ ಬಂದ ಮೇಲೆ, ಫ್ಲ್ಯಾಟುಗಳ ನೆಲ ಒರೆಸುವಾಗ, ಅಲ್ಲಿ ಟಿವಿ ಯಾರೂ ನೋಡದಿದ್ದರೂ ಓಡುತ್ತಲೇ ಇರುತ್ತದೆ, ಮಾತಾಡದವರ ಕಿವಿಗೆ ಭಾಷೆ ತಾನೇ ಬಂದು ಸೇರುತ್ತದೆ, ಅದಕ್ಕೇ ಶನಿವಾರ ಅವರು ಹಿಂದಿಯಲ್ಲಿ ಆಡಿದ್ದನ್ನೆಲ್ಲ ನಾನು ನಮ್ಮ ಮಾತಿನಲ್ಲಿ ಆಡುತ್ತೇನೆ, ತಾಯಿಯ ಮಾತು, ದುಷ್ಟನ ಮಾತು, ಹಾರುವವನ ಮಾತು, ಎಲ್ಲ ನನ್ನ ಬಾಯಲ್ಲಿ. ತಮ್ಮ ಬಿದ್ದ ಕಂತಿನಲ್ಲಿ ಹಾರುವವನ ಶಕ್ತಿ ಹೋಗಿತ್ತು, ಹಾರಲಾಗಲಿಲ್ಲ, ಕೈ ಹಿಡಿದ, ಕೈ ಜಾರಿತು, ಅವ್ವ ಹಿಂದಕ್ಕೆ ಕೈ ಚಾಚಿ ನನ್ನ ಮೊಣಕಾಲು ಹಿಡಿದಳು, ಏನಾತ, ಅದಾನಿಲ್ಲ ಹುಡುಗ, ಉಗುರು ಚುಚ್ಚುತ್ತಿತ್ತು, ಟಿವಿಯಲ್ಲಿ ಡಾಕ್ಟರು ತಲೆ ಅಲ್ಲಾಡಿಸುತ್ತಿದ್ದ, ನನ್ನ ಬಾಯಿ ಹೇಳಿಬಿಟ್ಟಿತು, ಅದಾನವ್ವ, ಮೀನು ಹಿಡಿಯೋರು ಎತ್ಕೊಂಡು ಹೋಗ್ಯಾರ, ದೂರದ ಊರಾಗ ಅದಾನ. ಆಮೇಲೆ ಬಿಡಲಾಗಲಿಲ್ಲ, ವಾರವಾರವೂ ಅವನನ್ನು ಬದುಕಿಸಬೇಕಾಯಿತು, ಹಾರುವವನು ಗೋರಿಯ ಹತ್ತಿರ ನಿಂತರೆ ಅದು ಅವರಪ್ಪನ ಗೋರಿ, ಅತ್ತರೆ ತಮ್ಮ ನೆನಪಾಗ್ಯಾನ ಬರವಲ್ಲ ಅಂತ ಅಳಾಕತ್ಯಾನ, ತಮ್ಮನಿಗೆ ದೋಣಿ ಕೊಟ್ಟೆ, ಮೀಸೆ ಕೊಟ್ಟೆ, ಪಕ್ಕದ ಶೆಡ್ಡಿನ ಪಾರ್ವತೆಮ್ಮ ಅವನಿಗೆ ಹೆಣ್ಣು ಕೂಡ ನೋಡಿದಳು, ನಮ್ಮ ತಂಗಿ ಮಗಳು ಐತಿ, ಬಣ್ಣ ಸ್ವಲ್ಪ ಕಪ್ಪು, ಒಲ್ಲೆ ಅಂತಾನೇನು ಕೇಳಬೇ. ಇವರಲ್ಲಿ ಹಿಂದಿ ಪೂರಾ ಬಲ್ಲವನು ನನ್ನ ಅಣ್ಣನೊಬ್ಬನೇ, ಬಾಗಿಲ ಹತ್ತಿರ ಕೂತು ಟವೆಲ್ಲು ಬಾಯಿಗೆ ತುರುಕಿಕೊಂಡು ನಗುತ್ತಿದ್ದ, ಯಾರಿಗೂ ಹೇಳಲಿಲ್ಲ, ಮನೆಗೆ ಬಂದು ಲೇ, ಹಾರೂವಂವನ ಕೈಲಿ ಆಗ್ಲಿಲ್ಲ, ನೀ ಕುಂತಲ್ಲೇ ಬದುಕಿಸಿದಿ, ಆದ್ರ ನೂರನೇದ್ರಾಗ ಸಿಕ್ಕಿ ಬೀಳ್ತಿ ನೋಡು, ಅವತ್ತ ತಾಯಿಗೆ ಖರೇ ಹೇಳ್ತಾನಂತ, ಜಾಹೀರಾತಿನ್ಯಾಗ ತೋರ್ಸ್ಯಾರ, ನಾ ಜಲ್ದಿ ಬಂದು ಮುಂದ ಕುಂತು ನಿನ್ನ ಮಾರಿ ನೋಡ್ತೀನಿ ಎಂದಿದ್ದ. ಜಲ್ದಿ ಬರಲೆಂದೇ ಇವತ್ತು ಆತುರ ಮಾಡಿದನೇ, ಹಲಗೆಯ ಮೇಲೆ ನೋಡದೆ ಕಾಲಿಟ್ಟನೇ, ಯಾರಾದರೂ ಹಿಡಿಯಲು ಕೈ ಚಾಚಿದರೇ? ಅವನ ಅಂಗೈಯನ್ನು ಸಿಮೆಂಟು ತಿಂದಿದೆ, ರಾತ್ರಿ ನಾನು ಕೊಬ್ಬರಿ ಎಣ್ಣೆ ಹಚ್ಚುವಾಗ ನನ್ನ ಬೆರಳೇ ತರಚುತ್ತದೆ, ಚಿಂತಿ ಮಾಡಬ್ಯಾಡಲೇ, ಇಂಥಾ ಕೈ ಹಿಡಿದ್ರ ಜಾರಂಗಿಲ್ಲ ಎನ್ನುತ್ತಾನೆ.

ಫೋನ್ ನಡುಗಿತು — ಇಲ್ಲ, ರೈಲು, ಲಿಂಗಂಪಲ್ಲಿ ಸ್ಟೇಷನ್ನಿಗೆ ಲೋಕಲ್ ಬಂದರೆ ತಗಡೆಲ್ಲ ನಡುಗುತ್ತದೆ, ಟಿವಿ ನಡುಗುತ್ತದೆ, ಹಾರುವವನೂ ನಡುಗಿದ, ಅವರವ್ವನ ಮನೆಯ ಬಾಗಿಲಿಗೆ ಬಂದಿದ್ದಾನೆ, ಮುಖವಾಡ ಇಲ್ಲ, ಕೆಂಪು ಬಟ್ಟೆ ಇಲ್ಲ, ನಮ್ಮ ಶೆಡ್ಡಿನ ಹುಡುಗರ ಹಾಗೆಯೇ ಕಾಣುತ್ತಾನೆ, ಒಳಗೆ ತಾಯಿ ಅಕ್ಕಿ ಆರಿಸುತ್ತಿದ್ದಾಳೆ, ಬಾ ಮಗಾ ಎನ್ನುತ್ತಾಳೆ, ತಮ್ಮ ಎಲ್ಲಿ ಎನ್ನುತ್ತಾಳೆ. ಹೇಳಬೇಡ. ಹುಲಿಗೆಮ್ಮಾ, ನಮ್ಮಣ್ಣ ನಿನ್ನ ಹೆಸರು ಇಟ್ಟುಕೊಂಡವನು, ಕರೆಂಟು ತೆಗೆ ತಾಯಿ, ಈಗಲೇ ತೆಗೆ, ಇವನು ಅವರವ್ವನಿಗೆ ಹೇಳದೇ ಹೋದರೆ ಅಲ್ಲಿ ಅಣ್ಣ ಕಣ್ಣು ತೆಗೆಯುತ್ತಾನೆ, ಇವನು ಹೇಳಿಬಿಟ್ಟರೆ — ಬೇಡ, ದಿನವೂ ಹೋಗುವ ಕರೆಂಟು ಇವತ್ತು ಯಾಕೆ ಹೋಗುತ್ತಿಲ್ಲ, ಸಂಗೀತ ಕೂಡ ನಿಂತಿತು, ಅವನ ತುಟಿ ಬಿಚ್ಚಿತು, ಮಾ, ಛೋಟೂ ನಹೀ ರಹಾ, ಅವ್ವಾ, ತಮ್ಮ ಇನ್ನಿಲ್ಲ. ಏನಂದ? ಗಂಗೂಬಾಯಿ ತಿರುಗಿದಳು, ಏನಂದ ಹೇಳವ್ವ ಲಗೂನ. ಬರ್ತಾನಂತ. ತಮ್ಮ ಬರ್ತಾನಂತ, ದಾರ್ಯಾಗ ಅದಾನಂತ, ದವಾಖಾನಿಗೆ — ನಾನು ದವಾಖಾನೆ ಅಂದೆನೇ? ದೋಣ್ಯಾಗ ಬರ್ತಾನಂತ. ಟಿವಿಯಲ್ಲಿ ಅಕ್ಕಿಯ ಮೊರ ಬಿತ್ತು, ತಾಯಿ ಅಕ್ಕಿಯ ಮೇಲೆ ಬಿದ್ದಳು, ಎರಡೂ ಕೈಯಿಂದ ಎದೆ ಬಡಿದುಕೊಳ್ಳುತ್ತಿದ್ದಾಳೆ, ಬರ್ತಾನಂದ್ರ ಹಂಗ್ಯಾಕ ಬಡ್ಕೊಂತಾಳ ಆಕಿ, ಗಂಗೂಬಾಯಿ ಬಿಡುವುದಿಲ್ಲ, ಖುಷಿಗಿ, ಖುಷಿಗಿ ಅಕ್ಕಾ, ಏ ಯಾವ ಊರ ಖುಷಿಬೇ ಅದು.

ಸುಮ್ನಿರು ಗಂಗೂಬಾಯಿ ಎಂದಳು ಅವ್ವ, ಆ ಹುಡುಗ ಸೇತುವಿ ಮ್ಯಾಲಿಂದ ಬಿದ್ದ ದಿನಾನ ಸತ್ತಾನ. ನನಗ ಅವತ್ತ ಗೊತ್ತಾತು. ಹಡದಾಕಿ ಮಾರಿ ನೋಡಾಕ ಹಿಂದಿ ಯಾಕ ಬೇಕು? ನಮ್ಮ ರೇಣವ್ವ ಹೇಳೂದು ಭಾಳ ಛಂದ ಇತ್ತು, ಮೀನು, ದೋಣಿ, ಅದಕ್ಕ ಸುಮ್ಕ ಕೇಳ್ಕೊಂತ ಬಂದೆ. ನಗುತ್ತಿದ್ದಳು, ಭುಜ ಅಲ್ಲಾಡುತ್ತಿತ್ತು, ಪಾರ್ವತೆಮ್ಮ ಅಯ್ಯೋ ನಮ್ಮ ತಂಗಿ ಮಗಳ ಗತಿ ಎಂದಳು, ಎಲ್ಲರೂ ನಗುತ್ತಿದ್ದಾರೆ, ಅಣ್ಣ ನೋಡಬೇಕೆಂದಿದ್ದು ಇದನ್ನೇ, ಅವನು ಯಾವಾಗಲೂ ಕೂರುವ ಜಾಗ ಬಾಗಿಲ ಹತ್ತಿರ ಹಾಗೇ ಖಾಲಿ ಇದೆ, ತಿರುಗಬೇಡ ಅವ್ವಾ, ಟಿವಿ ನೋಡು, ಅಗೋ ಆಕೆಯನ್ನು ನೋಡು, ಅವ್ವ ನಗುತ್ತಲೇ ನನ್ನ ಕಡೆ ತಿರುಗಿದಳು, ಕಳ್ಳಿ ಎನ್ನಲು ಬಾಯಿ ತೆಗೆದಳು, ಕ ಎಂದದ್ದು ಅಲ್ಲೇ ನಿಂತಿತು. ನಗು ತುಟಿಯ ಮೇಲೆ ಉಳಿಯಿತು, ಕಣ್ಣಿನಲ್ಲಿ ಇಲ್ಲ. ನನ್ನ ಮುಖದಲ್ಲಿ ಏನಿದೆ, ನಾನು ಎಲ್ಲಿ ನೋಡಲಿ, ಸೆರಗು ಎಳೆದುಕೊಂಡರೆ ಇನ್ನೂ ಗೊತ್ತಾಗುತ್ತದೆ, ನಗಬೇಕು, ತುಟಿ ಬಿಚ್ಚುತ್ತಿಲ್ಲ, ಆಕೆ ನೋಡುತ್ತಲೇ ಇದ್ದಾಳೆ, ಹಿಂದಿಯೂ ಬೇಡ, ಕನ್ನಡವೂ ಬೇಡ, ಹುಲಗ್ಯಾ ಎಲ್ಲಿಬೇ ಎಂದು ಕೇಳಿದಳು ಮೆಲ್ಲಗೆ, ಮೌನಪ್ಪ ಫೋನಿನಲ್ಲಿ ಮಾತಾಡಿದಷ್ಟೇ ಮೆಲ್ಲಗೆ. ಬರ್ತಾನವ್ವ. ದಾರ್ಯಾಗ ಅದಾನ. ಯಾರೋ ಎತ್ಕೊಂಡು ಹೋಗ್ಯಾರ, ದೂರದ ಊರಾಗ — ಹೊರಗೆ ಮೌನಪ್ಪನ ಸ್ಕೂಟರ್ ನಿಂತಿತು, ಸ್ಟ್ಯಾಂಡ್ ಹಾಕಿದ ಸದ್ದು, ಒಂದೇ ಜೊತೆ ಚಪ್ಪಲಿ, ಎರಡಿಲ್ಲ, ಇನ್ನೊಮ್ಮೆ ಕೇಳು, ಹಿಂದೆ ಇನ್ನೊಬ್ಬರು ಕುಂಟುತ್ತ ಬರುತ್ತಿರಬಹುದು, ಇಲ್ಲ, ಒಂದೇ ಜೊತೆ, ಬಾಗಿಲ ಪರದೆಯ ಹತ್ತಿರ ಬಂದು ನಿಂತಿತು, ಒಳಗೆ ಬರಲಿಲ್ಲ, ಕೂಗು ಮೌನಪ್ಪಣ್ಣ, ದಿನಾ ಕೂಗುವ ಹಾಗೆ ಕೂಗು, ಅವ್ವನ ಹೆಸರು ಹಿಡಿದು ಹುಸೇನಮ್ಮಾ ಚಾ ಇಡು ಎಂದು ಕೂಗು, ಕೂಗುತ್ತಿಲ್ಲ, ಪರದೆಯ ಅಂಚಿನಿಂದ ಕೈ ಮಾತ್ರ ಒಳಗೆ ಬಂತು, ಪರದೆ ಸರಿಸಲು ಬಂದದ್ದು ಸರಿಸದೆ ಅಲ್ಲೇ ನಿಂತಿತು, ಸಿಮೆಂಟು ಮೆತ್ತಿದ ಕೈ, ಐದೂ ಬೆರಳು ಬಿಚ್ಚಿಕೊಂಡು, ಖಾಲಿ, ಆ ಕೈ, ಐದೂ ಬೆರಳು, ಆ ಕೈ —