ಕೈಯಲ್ಲೇ ಮಾಡಿದ್ದು

"ಆ ಡಬ್ಬಿ ಒಳಗ ತರಬ್ಯಾಡ!" ಚಿಕ್ಕಪ್ಪ ಅಂಬಣ್ಣ ಬಾಗಿಲಿಗೆ ಅಡ್ಡಲಾಗಿ ಕೈ ಚಾಚಿ ಕೂಗಿದ.

ಸತ್ತ ತಾಯಿಯ ಒದ್ದೆ ಕೂದಲು ಬಾಚುತ್ತಿದ್ದ ರೇವತಿ ತಲೆಯೆತ್ತಿದಳು. ಜೋಗುಪಾಳ್ಯದ ವಠಾರದ ಒಂದೇ ಕೋಣೆಯ ಮನೆ. ಹೆಣವನ್ನು ಬಾಗಿಲಿಗೆ ನೇರವಾಗಿ ಮಲಗಿಸಿದ್ದರಿಂದ ಹೊಸ್ತಿಲಾಚೆ ನಿಂತವಳು ಚೆನ್ನಾಗಿಯೇ ಕಾಣುತ್ತಿದ್ದಳು. ಕಪ್ಪು ಉಡುಪು, ನರೆತ ಕೂದಲು, ಪಾಲಿಶ್ ಮಾಡಿದ ಬೂಟು. ರಿಚರ್ಡ್ಸ್ ಟೌನಿನ ಡೋರಿನ್. ಕೂಸು ರೇವತಿಯನ್ನು ಕಂಕುಳಲ್ಲಿ ಎತ್ತಿಕೊಂಡು ರಾಯಚೂರಿನಿಂದ ಬಂದ ವರ್ಷದಿಂದ ಹಿಡಿದು, ಕೈಕಾಲು ಸೋತು ಹಾಸಿಗೆ ಹಿಡಿಯುವವರೆಗೂ ತಾಯಿ ಅಮೃತಮ್ಮ ಅಡುಗೆ ಮಾಡಿದ್ದು ಅವಳ ಮನೆಯಲ್ಲೇ.

"ಕಲ್ಕಲ್ ಅಷ್ಟೇ ಅಂಕಲ್," ಡೋರಿನ್ ಡಬ್ಬಿಯನ್ನು ಎದೆಗೊತ್ತಿಕೊಂಡಳು. "ಅಡ್ವೆಂಟ್ ಶುರುವಾಗಿದೆ. ಕ್ರಿಸ್‌ಮಸ್‌ಗೆ ಮುಂಚೆ ನಾಲ್ಕು ಸಂಡೇನೂ ನಾವು, ಆಯಾ, ಎಲ್ಲಾ ಒಟ್ಟಿಗೆ ಕೂತು ಮಾಡ್ತಿದ್ವಿ. ಬೆಳಿಗ್ಗೆ ಎದ್ದು ನಾನೇ ಕರಿದು ತಂದೆ. ಅವಳ ಪಕ್ಕ ಇಟ್ಟು ಹೋಗ್ಬಿಡ್ತೀನಿ."

"ನಮ್ಮತ್ತಿಗಿ ಶಿವಾ ಅನಕೋತ ಹೋದಾಕಿ. ನಿಮ್ಮ ಹಬ್ಬದ ತಿಂಡಿ ಇಟ್ಟು ಕಳಿಸಿದ್ರ ಊರಾಗ ನಾ ಹೆಂಗ ಮಾರಿ ತೋರಸ್ಲಿ?"

"ಅವಳನ್ನ ಆಯಾ ಅನ್ಬೇಡಿ." ರೇವತಿ ಬಾಚಣಿಗೆ ಕೆಳಗಿಟ್ಟಳು. "ಅಮೃತಮ್ಮ ಅಂತ ಹೆಸರಿತ್ತು."

"ಚಿಕ್ಕವಳಿದ್ದಾಗಿಂದ ಹಾಗೇ ಕರೆದಿದ್ದು, ರೇವತಿ. ನಮ್ಮನೇಲಿ ಅಂಗಡಿ ಗಿಫ್ಟ್ ಕೊಡೋ ಪದ್ಧತಿನೇ ಇಲ್ಲ ಮಾ. ಮಮ್ಮಿ ಕಾಲದಿಂದ್ಲೂ ಎಲ್ಲಾ ಕೈಯಲ್ಲೇ ಮಾಡಿದ್ದು. ಕಲ್ಕಲ್, ಸೀಬೆಹಣ್ಣಿನ ಹಲ್ವಾ, ಬಟ್ಟೆ ಚೂರಿನ ನಕ್ಷತ್ರ..."

"ಯಾರ ಕೈಯಲ್ಲಿ?"



*

ರೇವತಿ ಮೂರನೇ ಕ್ಲಾಸಿನಲ್ಲಿದ್ದಾಗ, ಡಿಸೆಂಬರಿನ ಒಂದು ಭಾನುವಾರ ಅವಳಿಗೆ ಜ್ವರ ಬಂತು. ಅಪ್ಪ ಗಾರೆ ಕೆಲಸಕ್ಕೆ ಹೋಗಿದ್ದ. ಅಮ್ಮ ಬೇಕೆನಿಸಿ, ಕಂಡವರನ್ನು ಕೇಳುತ್ತ ಕೇಳುತ್ತ ರಿಚರ್ಡ್ಸ್ ಟೌನ್‌ವರೆಗೂ ಒಬ್ಬಳೇ ನಡೆದಳು.

ಕಿಟಕಿಗೆ ಮುಖವಿಟ್ಟು ನೋಡಿದರೆ ಮನೆಯವರೆಲ್ಲ ಮೇಜಿನ ಸುತ್ತ ಕೂತಿದ್ದರು. ನಡುವೆ ಅಮ್ಮ. ಮೇಣದಬತ್ತಿ ಉರಿಯುತ್ತಿತ್ತು. ಎಲ್ಲರೂ ಕಲ್ಕಲ್‌ಗೆಂದು ಹಿಟ್ಟಿನ ಪುಟ್ಟ ಗೋಲಿಗಳನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಸುರುಳಿ ಸುತ್ತಿ ತಟ್ಟೆಗೆ ಉದುರಿಸುತ್ತಿದ್ದರು. ಉಳಿದವರದು ಬಿಚ್ಚಿಕೊಳ್ಳುತ್ತಿತ್ತು, ಅಮ್ಮನದು ಚಿಪ್ಪಿನಂತೆ ಕೂರುತ್ತಿತ್ತು. ಆಗಿನ್ನೂ ಹುಡುಗಿಯಾಗಿದ್ದ ಡೋರಿನ್ ಹಿಟ್ಟಿನ ಬೆರಳನ್ನು ಅಮ್ಮನ ಮೂಗಿಗೆ ಒರೆಸಿದಳು. ಅಮ್ಮ ತಲೆಯನ್ನು ಹಿಂದಕ್ಕೆ ಚೆಲ್ಲಿ ನಕ್ಕಳು. ಮನೆಯಲ್ಲಿ ಅಂಥ ನಗುವನ್ನು ರೇವತಿ ಕಂಡಿರಲೇ ಇಲ್ಲ.

ಅವಳು ಕೂಗಲಿಲ್ಲ. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಪಕ್ಕ ಮುದುಡಿ ಕೂತಳು. ಸ್ವಲ್ಪ ಹೊತ್ತಿಗೆ ಹಿಂಬಾಗಿಲು ತೆರೆಯಿತು. ಅಮ್ಮ ಅಲ್ಯೂಮಿನಿಯಂ ತಟ್ಟೆಯಲ್ಲಿ ಅನ್ನ ಸಾರು ಹಿಡಿದು ಬಂದು ಮೆಟ್ಟಿಲ ಮೇಲೆ ಕೂತಳು. ಒಳಗೆ ಪಿಂಗಾಣಿ ತಟ್ಟೆಗಳ ಸದ್ದು, ಮಾತು, ನಗು. ಮೊದಲ ತುತ್ತು ಎತ್ತುವಾಗ ಮಗಳು ಕಣ್ಣಿಗೆ ಬಿದ್ದಳು.

"ಅಲ್ಲಿ ಯಾಕೆ ನಕ್ಕೆ?" ಅಮ್ಮನ ಹೆಗಲ ಮೇಲೆ ಮನೆಗೆ ಮರಳುವಾಗ ರೇವತಿ ಕೇಳಿದಳು.

"ಮಾತಾಡಬ್ಯಾಡ. ಜ್ವರ ಏರ್ತದ."

ಆ ಮನೆಯ ತಿಂಡಿ ತಮ್ಮ ಹೊಸ್ತಿಲು ದಾಟಲು ಅಪ್ಪ ಬಿಡುತ್ತಿರಲಿಲ್ಲ. ಕೊಟ್ಟದ್ದನ್ನು ಅಮ್ಮ ಪಕ್ಕದ ಮನೆಯ ಲೈಬಾಳಿಗೆ ಕೊಟ್ಟು, ಕೈ ತೊಳೆದು ಒಳಗೆ ಬರುತ್ತಿದ್ದಳು.

*

"ಅವಳು ನಮಗೆ ಫ್ಯಾಮಿಲಿ ಥರಾನೇ," ಡೋರಿನ್ ಹೇಳುತ್ತಿದ್ದಳು. "ಕೆಲಸದವಳು ಅಂತ ಯಾವತ್ತೂ ನೋಡಿಲ್ಲ."

"ಮತ್ತೆ ಊಟ ಯಾಕೆ ಹಿಂದಿನ ಮೆಟ್ಟಿಲ ಮೇಲೆ?"

"ಅದು... ಅವಳೇ ಹೋಗಿ ಅಲ್ಲಿ ಕೂರ್ತಿದ್ಲು."

"ಒಳಗೆ ಕೂತ್ಕೋ ಅಂತ ಒಂದ್ಸಲಾನಾದ್ರೂ ಅಂದ್ರಾ?"

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ಅಂಬಣ್ಣನಿಗೆ ಹುರುಪು ಬಂತು. "ಕೇಳಿಸ್ತಿಲ್ಲೋ? ನಡಿ ಇನ್ನ!"

"ನೀವು ಸುಮ್ನಿರಿ ಚಿಕ್ಕಪ್ಪ!" ರೇವತಿ ಅವನ ಕಡೆಗೂ ತಿರುಗಿದಳು. "ಅಪ್ಪ ಸತ್ತಾಗ ಬಂದಿದ್ದು, ಆಮೇಲೆ ಇವತ್ತೇ ನೀವು ಈ ಬಾಗಿಲಿಗೆ ಬಂದಿರೋದು. ಅಮ್ಮನಿಗೆ ಏನು ಇಷ್ಟ ಹೇಳಿ. ಅದನ್ನೇ ಇಡೋಣ."

"ಹೋಳಿಗಿ..." ಎಂದ ಅಂಬಣ್ಣ, ಸುತ್ತಲಿನವರ ಮುಖ ನೋಡುತ್ತ.

"ಅವಳಿಗೆ ಸಿಹಿನೇ ಸೇರ್ತಿರ್ಲಿಲ್ಲ," ಎಂದಳು ರೇವತಿ.

"ಸೇರ್ತಿತ್ತು," ಎಂದಳು ಡೋರಿನ್, ಮೆಲ್ಲಗೆ. "ಸಕ್ಕರೆ ಪಾಕದ ಪಾತ್ರೆ ಕೆರೆದು ತಿಂತಿದ್ಲು. ಮಮ್ಮಿ ಬೈದ್ರೂ ಬಿಡ್ತಿರ್ಲಿಲ್ಲ."

ಸಿಹಿ ಮಾಡಿದಾಗಲೆಲ್ಲ ಅಮ್ಮ 'ನಾ ಒಲ್ಲೆ' ಎಂದು ತನ್ನ ಪಾಲನ್ನು ಮಗಳ ತಟ್ಟೆಗೆ ಸರಿಸುತ್ತಿದ್ದಳು. ಇಷ್ಟು ವರ್ಷ ರೇವತಿ ಅದನ್ನು ನಂಬಿದ್ದಳು. ನಿಜ ಏನೆಂಬುದನ್ನು ಇವಳ ಬಾಯಿಂದ ಕೇಳಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಎದ್ದು ಹೋಗಿ ಡಬ್ಬಿ ಕಿತ್ತುಕೊಂಡಳು. ಮುಚ್ಚಳ ತೆಗೆದು, ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು.

"ಹೆಣ ಎತ್ತಿಲ್ಲ ಇನ್ನೂ!" ಅಂಬಣ್ಣ ಹಣೆ ಚಚ್ಚಿಕೊಂಡ. "ಅದ್ರ ಮುಂದ ತಿಂತೀಯಲ್ಲಲೇ!"

ರೇವತಿ ಅಗಿದಳು. ಹಲ್ಲಿಗೆ ಕಟಕಟ ಎಂದಿತು. "ಅಮ್ಮ ಮಾಡಿದ್ದು ಹೀಗೇ ಇರ್ತಿತ್ತಾ?"

"ಇಲ್ಲ ರೇವತಿ," ಗೋಡೆಗೊರಗಿದ್ದ ಲೈಬಾ ಹೇಳಿದಳು. "ಅಮೃತಮ್ಮ ಖಾಲಾದು ಬಾಯಲ್ಲಿಟ್ರೆ ಪುಡಿಪುಡಿ ಆಗ್ತಿತ್ತು."

ಅಮ್ಮ ಮಾಡಿದ್ದನ್ನು ಪಕ್ಕದ ಮನೆಯವಳು ತಿಂದಿದ್ದಳು, ಮಗಳು ರೇವತಿ ತಿಂದಿರಲಿಲ್ಲ.

"ನಂಗೆ ಬರೋದಿಲ್ಲ," ಎಂದಳು ಡೋರಿನ್. "ಎಲ್ಲರಿಗೂ ನಾನೇ ಮಾಡಿದ್ದು ಅಂತ ಹಂಚಿದೀನಿ. ಒಂದು ಸಲಾನೂ ನಂದು ಸರಿ ಬಂದಿಲ್ಲ."

"ಹಾಗಾದ್ರೆ ಇದು ಅವಳದಲ್ಲ. ತಗೊಂಡ್ಹೋಗಿ." ರೇವತಿ ಮುಚ್ಚಳ ಒತ್ತಿ ಡಬ್ಬಿಯನ್ನು ಅವಳ ಕೈಗೆ ತುರುಕಿದಳು.

ಗಲ್ಲಿಯ ತುದಿಯಲ್ಲಿ ವ್ಯಾನು ಹಾರ್ನ್ ಹೊಡೆಯಿತು. ಗಂಡಸರು ಹೆಣಕ್ಕೆ ಹೆಗಲು ಕೊಟ್ಟರು. ಕಲ್ಪಳ್ಳಿಯ ಸ್ಮಶಾನಕ್ಕೆ ಹೆಂಗಸರು ಬರುವುದು ಬೇಡವೆಂದು ಅಂಬಣ್ಣ ಕಟ್ಟುನಿಟ್ಟಾಗಿ ಹೇಳಿದ. ರೇವತಿ ಗಲ್ಲಿಯ ಅರ್ಧದವರೆಗೆ ಓಡಿದಳು, ಲೈಬಾ ಹಿಡಿದು ನಿಲ್ಲಿಸಿದಳು. ವ್ಯಾನು ತಿರುವಿನಲ್ಲಿ ಮರೆಯಾಯಿತು. ಬಂದವರು ಒಬ್ಬೊಬ್ಬರಾಗಿ ಸ್ನಾನಕ್ಕೆಂದು ಚದುರಿದರು.

ರೇವತಿ ನೆಲ ತೊಳೆಯಲು ಬಕೆಟ್ ತುಂಬಿ ತಂದಾಗ ಡೋರಿನ್ ಇನ್ನೂ ಹೊಸ್ತಿಲಾಚೆಯೇ ಇದ್ದಳು.

"ಇನ್ನೇನು ಬೇಕು ನಿಮಗೆ?"

ಅಮ್ಮ ಮಲಗಿದ್ದ ಜಾಗಕ್ಕೆ ರೇವತಿ ಬಕೆಟ್ಟನ್ನು ಒಮ್ಮೆಲೇ ಸುರುವಿದಳು. ನೀರು ವಿಭೂತಿಯನ್ನೂ ಚೆಂಡುಹೂವಿನ ಎಸಳುಗಳನ್ನೂ ಹೊತ್ತುಕೊಂಡು ಹೊಸ್ತಿಲು ದಾಟಿ, ಪಾಲಿಶ್ ಮಾಡಿದ ಆ ಬೂಟುಗಳ ಮೇಲೆ ಹರಿಯಿತು. ಡೋರಿನ್ ಕಾಲು ಹಿಂದಕ್ಕೆ ತೆಗೆಯಲಿಲ್ಲ. ರೇವತಿ ಇನ್ನೊಂದು ಬಕೆಟ್ ತರಲು ತಿರುಗಿದಳು.