ಕೂತ ಜೀಪನ್ನು ಏರಬಾರದು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಜೀಪಿನ ಬಾನೆಟ್ಟಿನಿಂದಲೋ, ಜಯಲಕ್ಷ್ಮಮ್ಮನ ಮಂಡಿಯಿಂದಲೋ? ಬಾನೆಟ್ಟಿನಿಂದಾದರೆ ಮೆಕ್ಯಾನಿಕ್ಕುಗಳು ಓದುತ್ತಾರೆ, ಮಂಡಿಯಿಂದಾದರೆ ಮಂಡಿನೋವಿನವರು. ಎರಡನೆಯವರೇ ಹೆಚ್ಚಿದ್ದಾರೆ ಅಂತ ನನ್ನ ಅಂದಾಜು.

ಮತ್ತೆ ೧
ಮಂಡಿಯಿಂದಲೇ ಆಗಲಿ. ಬಾಬುರಾಯನಕೊಪ್ಪಲಿನಲ್ಲಿ ಗ್ಯಾರೇಜು ಇಟ್ಟಿರುವ ಚಲುವರಾಜುವಿನ ತಾಯಿ ಜಯಲಕ್ಷ್ಮಮ್ಮನಿಗೆ ಮಂಡಿ ಮಡಚುವುದಿಲ್ಲ. ಮನೆಯಲ್ಲಿರುವುದು ಎತ್ತರದ ಹಳೇ ಜೀಪು. ನಾಗಮಂಗಲದಲ್ಲಿ ತಂಗಿ ಪುಟ್ಟತಾಯಮ್ಮ ಕಾಲು ಮುರಿದುಕೊಂಡು ಮಲಗಿದ್ದಾಳೆ. ಅವಳು ಬರಲಾರಳು, ಇವಳು ಹೋಗಲಾರಳು. ಇಬ್ಬರೂ ದಿನಾ ಫೋನಿನಲ್ಲಿ ಜಗಳವಾಡುತ್ತಾರೆ. ಆದರೂ ಮುಖ ನೋಡಿ ಜಗಳವಾಡಿದ ಸುಖ ಸಿಕ್ಕುವುದಿಲ್ಲ.

ಮಗ ಎತ್ತಿ ಕೂರಿಸಲು ಹೋದ. "ನಿನ್ನ ಎತ್ತಾಡ್ಸಿದೋಳು ನಾನು ಕಣ್ಲಾ. ನೀನ್ಯಾವನ್ಲಾ ನನ್ನ ಎತ್ತಾಕೆ?" ಅಂದಳು.

(ಸ್ಟೂಲು ಹಾಕಬಹುದಿತ್ತಲ್ಲ ಅನ್ನುತ್ತೀರಿ. ಹಾಕಿದ್ದರು. ಅಲ್ಲಾಡಿತು. ಆ ಮನೆಯಲ್ಲಿ ಈಗ ಸ್ಟೂಲಿನ ಹೆಸರೆತ್ತುವ ಹಾಗಿಲ್ಲ.)

೨
ಅವ್ವ ಮೇಲೆ ಹತ್ತದಿದ್ದರೆ ಜೀಪೇ ಕೆಳಗಿಳಿಯಲಿ ಅಂತ ಚಲುವರಾಜು ತೀರ್ಮಾನಿಸಿದ. ಜೀಪಿನ ಏಸಿ ಕಂಪ್ರೆಸರಿನ ಗ್ಯಾಸ್ ಪೈಪು ಕಿತ್ತು, ಅದು ಬರೀ ಗಾಳಿ ಎಳೆದು ಹಳೇ ಲಾರಿಯ ಟ್ಯಾಂಕಿಗೆ ತುಂಬುವಂತೆ ಮಾಡಿದ. ಸ್ಪ್ರಿಂಗ್ ಇದ್ದ ಜಾಗಕ್ಕೆ ರಬ್ಬರಿನ ಗಾಳಿಚೀಲ ಕೂರಿಸಿದ. ಚೀಲಕ್ಕೆ ಗಾಳಿ ತುಂಬಿದರೆ ಜೀಪು ಏಳುತ್ತದೆ, ಬಿಟ್ಟರೆ ಕೂರುತ್ತದೆ.

"ಅಲ್ಲ ಕಣ್ರೀ, ಈ ಬ್ಯಾಸ್ಗೆಲಿ ಏಸಿ ಕಿತ್ತಾಕ್ಬುಟ್ರಲ್ಲ, ನಾವೇನ್ ಬೇಯ್ಬೇಕಾ?" ಅಂದಳು ಹೆಂಡತಿ ಸುನಿತಾ.

"ಕಿಟ್ಕಿ ತಕ್ಕೊ."

(ಮೊದಲ ಡ್ರಾಫ್ಟಿನಲ್ಲಿ ಕಂಪ್ರೆಸರು ಜಾಮ್ ಆಗಿತ್ತು. ಅದರೊಳಗೆ ಎಣ್ಣೆಯನ್ನು ಸುತ್ತಾಡಿಸುತ್ತಿದ್ದುದು ಗ್ಯಾಸು. ಗ್ಯಾಸು ಹೋದಮೇಲೆ ಎಣ್ಣೆಯನ್ನು ಬೇರೆ ಕೊಡಬೇಕು, ಚಲುವರಾಜು ಮರೆತಿದ್ದ. "ಸಾ, ಅದ್ನ ತಗ್ದಾಕ್ಬುಡಿ, ಗಿರಾಕಿಗಳು ಓದ್ತಾರೆ" ಅಂತ ಬಂದು ಬೇಡಿಕೊಂಡ. ತೆಗೆದುಹಾಕಿದ್ದೇನೆ. ನೀವು ಓದಿಲ್ಲ.)

೪
(೩ ಎಣ್ಣೆಯ ಜೊತೆ ಹೋಯಿತು.)

ಅಂಗಳದಲ್ಲಿ ಚಲುವರಾಜು ಸ್ವಿಚ್ಚು ಒತ್ತಿದ. ಬುಸ್ಸೆಂದು ಜೀಪು ನೆಲಕ್ಕೆ ಕೂತಿತು. ತಾಯಿಯ ಆನಂದಬಾಷ್ಪಕ್ಕೆ ನಾನೊಂದು ಒಳ್ಳೇ ಪ್ಯಾರಾ ರೆಡಿ ಮಾಡಿಟ್ಟುಕೊಂಡಿದ್ದೆ. ಅವಳು ಅಳಲಿಲ್ಲ. ಜೀಪಿನ ಸುತ್ತ ಒಂದು ಸುತ್ತು ಬಂದಳು.

"ಇದು ಕೂತ್ಬುಡ್ತಲ್ಲಾ ಚಲುವ?"

"ಊಂ ಕಣವ್ವ, ನೀನು ಅತ್ಕಳ್ಳಿ ಅಂತ್ಲೇ ಕೂತದೆ."

"ಕೂತಿರೋ ಎತ್ತಿನ ಮ್ಯಾಲೆ ಬಾರ ಆಕ್ತಾರೇನ್ಲಾ? ಮೊದ್ಲು ಎಬ್ಬಿಸು."

"ಎಬ್ಬಿಸುದ್ರೆ ನಿನ್ ಕೈಲಿ ಆಗಕಿಲ್ವಲ್ಲವ್ವ!"

"ಕೂತಿದ್ರೆ ನಾ ಬರಾಕಿಲ್ಲ."

ನಾನೇ ನಡುವೆ ಬಾಯಿ ಹಾಕಿದೆ. "ಜಯಲಕ್ಷ್ಮಮ್ಮನವರೇ, ಇದು ಎತ್ತಲ್ಲ, ಜೀಪು. ನನ್ನ ಕಥೆ ಇಲ್ಲಿಗೆ ಮುಗಿಯಬೇಕು."

"ನೀ ಯಾವತ್ತಾರ ಗಾಡಿಗೆ ಎತ್ತು ಊಡಿದ್ದೀಯೇನಪ್ಪ?"

"ಇಲ್ಲ."

"ಅಂಗಾರೆ ಸುಮ್ಕೆ ಬರ್ಕೊ."

ಮುಕ್ತಾಯ, ಒಂದು ನಮೂನೆ
ಪುಟ್ಟತಾಯಮ್ಮನೇ ಆಂಬುಲೆನ್ಸಿನಲ್ಲಿ ಬರುತ್ತಾಳೆ. ("ಅದ್ರಲ್ಲಿ ಏಸಿ ಇದ್ದದಾ?" ಅಂತ ಸುನಿತಾ ಕೇಳಿದಳು. ಹೊಡೆದುಹಾಕಿದೆ.)

ಇನ್ನೊಂದು
ಜಯಲಕ್ಷ್ಮಮ್ಮ ಮನಸ್ಸು ಬದಲಾಯಿಸಿ ಕೂತ ಜೀಪನ್ನೇ ಹತ್ತುತ್ತಾಳೆ. ಹೀಗೆ ಬರೆದು ತೋರಿಸಿದೆ. ಅವಳು ಹತ್ತಲಿಲ್ಲ.

ಮತ್ತೊಂದು
ಆಗ ಪುಟ್ಟತಾಯಮ್ಮನ ಫೋನು ಬಂತು. "ಏನಕ್ಕ, ಒಂಟ್ಯಾ? ಸೊಸೆ ಕೈಲಿ ರೊಟ್ಟಿ ತಟ್ಟುಸ್ತಾ ಇವ್ನಿ."

"ಬತ್ತೀನಿ ಕಣಮ್ಮಿ," ಅನ್ನುವಾಗ ಜಯಲಕ್ಷ್ಮಮ್ಮನ ದನಿ ಒಡೆಯಿತು. ಅದನ್ನು ನಾನು ಬರೆದಿರಲಿಲ್ಲ. ಹೊಡೆದುಹಾಕಲೂ ಇಲ್ಲ.

ಅವಳು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಟ್ಟಿದಳು. "ಏಳಪ್ಪ, ಏಳು. ನಮ್ ಪುಟ್ತಾಯಿ ಕಾಯ್ತಾವ್ಳೆ." ಚಲುವರಾಜು ಎಂಜಿನ್ ಸ್ಟಾರ್ಟ್ ಮಾಡಿ ಸ್ವಿಚ್ಚು ಒತ್ತಿದ. ಕಂಪ್ರೆಸರು ಕಟಕಟ ಅಂದಿತು. ಜೀಪು ಒಂದು ಬೆರಳಷ್ಟು ಮೇಲೆದ್ದಿತು.

"ಈಗ ಕೂತಿಲ್ಲ. ಏಳ್ತಾ ಅದೆ," ಅಂದವಳೇ ಸೀರೆ ಎತ್ತಿ ಹಿಡಿದು ಒಂದು ಕಾಲು ಒಳಗಿಟ್ಟಳು.

ಇಲ್ಲಿಗೆ ನಿಲ್ಲಿಸುತ್ತೇನೆ. ಕಂಪ್ರೆಸರು ತಡೆಯಿತೇ, ಅಕ್ಕತಂಗಿ ಯಾವುದಕ್ಕೆ ಜಗಳವಾಡಿದರು, ನನ್ನನ್ನು ಕೇಳಬೇಡಿ.

"ಲೇ ಬರ್ಯೋನೆ, ಇಲ್ಲೇ ನಿಲ್ಲಿಸ್ಬುಟ್ರೆ ನನ್ನ ಇನ್ನೊಂದ್ ಕಾಲು?"

ಜೀಪು ಏಳುತ್ತಲೇ ಇದೆ. ನನ್ನ ಕೈಯಲ್ಲಿ ಪೆನ್ನಿದೆ, ಚಲುವರಾಜು ಸ್ವಿಚ್ಚಿನ ಹತ್ತಿರ ಇದ್ದಾನೆ. ಅವಳ ಹತ್ತಿರದಲ್ಲಿರುವವರು ನೀವೇ. ಸ್ವಲ್ಪ ಕೈ ಹಿಡಿದುಕೊಳ್ಳಿ. ಎತ್ತಲು ಮಾತ್ರ ಹೋಗಬೇಡಿ.