ತೋಪೆಲ್ಲ ಒಂದೇ ವಾರದಲ್ಲಿ ಹೊಗೆ

ನಾಗಮಂಗಲದ ಕಡೆಯ ಒಂದು ಊರು, 1996ರ ಮಾತು. ಬೆಳಿಗ್ಗೆ ಬೆಳಿಗ್ಗೆಯೇ ಊರ ತೋಪಿನ ಮುಂದೆ ಸೌದೆ ಲಾರಿ ಬಂದು ನಿಂತಿತು. ಚಲುವಮ್ಮ ಸಗಣಿ ಬುಟ್ಟಿ ಅಲ್ಲೇ ಕುಕ್ಕಿ ಓಡಿದಳು. ಹನ್ನೆರಡು ವರ್ಷದ ಹಿಂದೆ ಆ ತೇಗ, ಬೇವಿನ ಸಸಿಗಳಿಗೆ ಎರಡು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತವಳು ಅವಳು. ಹೊಟ್ಟೆ ಉರಿಯದೆ ಇರುತ್ತದೆಯೇ?

"ಯಾರ್ಲಾ ಇದನ್ನ ಕರೆಸಿದ್ದು?"

"ನಾನೇ ಕಣತ್ಗೆ," ಎಂದ ಮೈದುನ ಚಿಕ್ಕಸ್ವಾಮಿ. ತೋಪಿನ ಸಮಿತಿಗೆ ಅವನೇ ಅಧ್ಯಕ್ಷ. "ಪಾಂಡವಪುರದ ಆಲೆಮನೆಯೋರು ಬೆಲ್ಲ ಕಾಯ್ಸಾಕೆ ಸೌದೆ ಕೇಳ್ತಾವ್ರೆ. ಪೂರ್ತಿ ಕಡಿದು ಮಾರ್ಬುಟ್ರೆ ಆ ದುಡ್ಡಲ್ಲಿ ಊರಿಗೊಂದು ಸಮುದಾಯ ಭವನ ಆಯ್ತದೆ. ಮರ ಮತ್ತೆ ಬೆಳೀತವೆ ಬುಡು."

"ಬೆಳೀತವಾ? ನೀರು ಹೊರೋಕೆ ನೀನು ಬತ್ತೀಯೇನ್ಲಾ? ಒಂದು ಕಡ್ಡಿ ಮುಟ್ಟಿದ್ರೂ ಸುಮ್ಕಿರಾಕಿಲ್ಲ!" ಚಲುವಮ್ಮ ಲಾರಿ ಚಕ್ರದ ಮುಂದೆ ಕೂತೇಬಿಟ್ಟಳು.

ಅಷ್ಟರಲ್ಲಿ ಸಸಿ ನರ್ಸರಿಯ ಹೇಮಶ್ರೀ ಸೈಕಲ್ಲಿನಲ್ಲಿ ಬಂದಳು. ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದ ಹುಡುಗಿ, ಯಾರಿಗೂ ಹೆದರುವವಳಲ್ಲ.

"ಚಿಕ್ಕಸ್ವಾಮಣ್ಣ, ಇದ್ದಿಲು ನೋಡಿದ್ದೀರಲ್ಲ? ಆ ಕರೀದೇ ಇಂಗಾಲ. ಮರ ಅದನ್ನ ಗಾಳಿಯಿಂದ ಎಳ್ಕೊಂಡು ಕಾಂಡ, ಬೇರಲ್ಲಿ ಕೂಡಿಡ್ತದೆ. ಒಲೆಗಾಕಿದ್ರೆ ಹನ್ನೆರಡು ವರ್ಷ ಕೂಡಿಟ್ಟಿದ್ದೆಲ್ಲ ಒಂದೇ ವಾರದಲ್ಲಿ ಹೊಗೆಯಾಗಿ ಹೋಯ್ತದೆ. ಅದು ಗಾಳೀಲಿ ಹೆಚ್ಚಾದಂಗೆಲ್ಲ ಭೂಮಿ ಬಿಸಿಯಾಯ್ತದೆ. ನೆಲ ಬೋಳಾದ್ರೆ ಮಣ್ಣಲ್ಲಿರೋದೂ ಹೋಯ್ತದೆ."

"ಅಂಗೇಳವ್ವ!" ಎಂದಳು ಚಲುವಮ್ಮ.

"ನಿಮ್ದೂ ತಪ್ಪೇ ಚಲುವಕ್ಕ. ಇಷ್ಟು ವರ್ಷ ಒಂದು ಮರಾನೂ ತೆಗೆಯಾಕೆ ಬುಡ್ಲಿಲ್ಲ. ಒಂದು ಹಗ್ಗ ತನ್ನಿ, ತೋರಿಸ್ತೀನಿ."

ಅಂಚಿನಲ್ಲಿ ಒಂಟಿಯಾಗಿ ನಿಂತ ತೇಗದ ಸುತ್ತಳತೆ ಎರಡು ಮೊಳ ಬಂತು. ನಡುವೆ ಒತ್ತಾಗಿ ನಿಂತದ್ದು ಒಂದು ಮೊಳವೂ ಇಲ್ಲ. ಎರಡನ್ನೂ ಒಂದೇ ದಿನ ನೆಟ್ಟಿದ್ದು.

"ರಾಗಿ ಪೈರು ಒತ್ತಾದ್ರೆ ನೀವೇ ಕುಂಟೆ ಹೊಡೆದು ತೆಳುವು ಮಾಡ್ತೀರಿ. ಇಲ್ಲಿ ಯಾಕೆ ಮಾಡ್ಲಿಲ್ಲ?"

ಚಲುವಮ್ಮನಿಗೆ ತನ್ನ ಮೇಲೇ ಸಿಟ್ಟು ಬಂತು. ಕಾಯುತ್ತೇನೆಂದು ಉಸಿರು ಕಟ್ಟಿಸಿದ್ದೆನಲ್ಲ!

"ಅರಣ್ಯ ಇಲಾಖೆ ಒಪ್ಪಿಗೆ ತಗೊಂಡು ಸಣಕಲು ಮರ ಮಾತ್ರ ತೆಗೀರಿ," ಎಂದಳು ಹೇಮಶ್ರೀ. "ಭವನದ ಸೂರಿಗೆ ಜಂತೆಯಾಗ್ಲಿ, ಕಂಬವಾಗ್ಲಿ. ಸುಡದಿದ್ರೆ ಇಂಗಾಲ ಅದರೊಳಗೇ ಇರ್ತದೆ. ಉಳಿದ ಮರ ದಪ್ಪ ಆಯ್ತವೆ. ಖಾಲಿ ಜಾಗಕ್ಕೆ ಸಸಿ ನಾನು ಕೊಡ್ತೀನಿ."

ಚಿಕ್ಕಸ್ವಾಮಿ ತಲೆ ಕೆರೆದುಕೊಂಡ. "ಮತ್ತೆ ಈ ಲಾರಿ?"

"ಬಂದ ದಾರೀಲೇ ಕಳಿಸ್ಲಾ!" ಎಂದು ಅತ್ತಿಗೆ ಗದರಿದಳು. ಅವನು ಕಳಿಸಿದ.

ಒಪ್ಪಿಗೆ ಬಂದ ದಿನ, ಕಡಿಯಬೇಕಾದ ಮರಗಳಿಗೆ ಸುಣ್ಣ ಬಳಿಯುವ ಕೆಲಸವನ್ನು ಸಮಿತಿ ಚಲುವಮ್ಮನಿಗೇ ಕೊಟ್ಟಿತು. ತಾನು ಸಾಕಿದ ಮರಕ್ಕೆ ತಾನೇ ಗುರುತು ಹಾಕುವಾಗ ಅವಳ ಕಣ್ಣು ತುಂಬಿತು. ಆದರೂ ಬಳಿದಳು. ಚಿಕ್ಕಸ್ವಾಮಿ ಹಿಂದೆ ಹಿಂದೆಯೇ ಖಾಲಿ ಜಾಗದಲ್ಲಿ ಹೊಸ ಸಸಿಗೆ ಗುಂಡಿ ತೋಡುತ್ತಾ ಬಂದ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ತೋಪನ್ನೂ ನಾಲ್ಕು ಜನ ಕೂತು ಯಾರಿಗೋ ಬರೆದುಕೊಟ್ಟಾರು. ಸುಮ್ಮನಿರಬೇಡಿ. ಸಭೆಗೆ ಹೋಗಿ ಕೇಳಿ: ಎಷ್ಟು ಕಡಿಯುತ್ತೀರಿ, ಎಷ್ಟು ಉಳಿಸುತ್ತೀರಿ, ಕಡಿದದ್ದು ಮನೆಗೆ ಜಂತೆಯಾಗುತ್ತದೋ, ಒಲೆಗೆ ಹೋಗುತ್ತದೋ? ಉತ್ತರ ಸಿಗುವ ತನಕ ಹೆಬ್ಬೆಟ್ಟು ಒತ್ತಬೇಡಿ. ತೋಪು ಅವರಪ್ಪನ ಮನೆ ಆಸ್ತಿಯಲ್ಲ!